ಚೆನ್ನಪ್ಪ ಕಡಲು ದಾಟಿದ್ದಕ್ಕೆ ಸಾಕ್ಷಿ

ಮಾಜಿ ಸೈನಿಕರ ಕಚೇರಿಗೆ ಹೊಸದಾಗಿ ಸೇರುವ ಮಕ್ಕಳಿಗೆ ನಾನು ಹೇಳುವ ಮೊದಲ ಮಾತು, ಮುಖ ಗಟ್ಟಿ ಇಟ್ಟುಕೊಳ್ಳಿ. ಎದುರಿನ ಕುರ್ಚಿಯಲ್ಲಿ ಕುಳಿತವರು ಏನು ಹೇಳಿದರೂ ನೀವು ಬೆಚ್ಚಿಬಿದ್ದದ್ದು ಅವರಿಗೆ ಕಾಣಬಾರದು. ಈ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಏಕೆಂದರೆ ನಿವೃತ್ತಿಯಾಗುವ ದಿನದವರೆಗೂ ನನಗೆ ಅದು ಬರಲಿಲ್ಲ. ಬಾಯಿ ತಂತಾನೇ ತೆರೆಯುತ್ತಿತ್ತು, ಕಣ್ಣು ತಂತಾನೇ ಅಗಲವಾಗುತ್ತಿತ್ತು. "ಮೀನಾಕ್ಷಮ್ಮ, ನಿಮ್ಮ ಮುಖ ನೋಡಿದ್ರೆ ನನಗೇ ಹೆದರಿಕೆ ಆಗ್ತದೆ" ಎಂದು ಸುಳ್ಯದ ಸುಬೇದಾರರೊಬ್ಬರು ಹೇಳಿದ್ದರು. ಗುಂಡಿಗೆ ಹೆದರದ ಮನುಷ್ಯ ನನ್ನ ಮುಖಕ್ಕೆ ಹೆದರಿದ್ದರು.

ದೊಡ್ಡ ಕಚೇರಿ ಜಿಲ್ಲಾ ಕೇಂದ್ರದಲ್ಲಿತ್ತು. ನನ್ನನ್ನು ಪುತ್ತೂರಿನ ಒಂದು ಕೋಣೆಗೆ ಹಾಕಿದ್ದರು. ಪುತ್ತೂರು, ಸುಳ್ಯ ಮತ್ತು ಕಡಬ ಕಡೆಯ ನಿವೃತ್ತ ಸೈನಿಕರು, ಅವರ ಹೆಂಡತಿಯರು, ವಿಧವೆಯರು ಎಲ್ಲರೂ ಬಸ್ಸು ಹಿಡಿದು ನನ್ನ ಮೇಜಿಗೆ ಬರುತ್ತಿದ್ದರು. ಕೆಲಸದ ಮುಕ್ಕಾಲು ಪಾಲು ತಿದ್ದುಪಡಿ. ಸೇನೆಯ ದಾಖಲೆಯಲ್ಲಿ ಮನುಷ್ಯ ಒಂದು ತರ, ಎದುರಿಗೆ ಕುಳಿತ ಮನುಷ್ಯ ಇನ್ನೊಂದು ತರ. ಎರಡನ್ನೂ ಒಂದು ಮಾಡುವುದು ನಮ್ಮ ಹಣೆಬರಹ.

ಒಮ್ಮೆ ಬೆಳ್ಳಗಿನ ಮೀಸೆಯ ಮುದುಕರೊಬ್ಬರು ಬಂದು, "ಮೇಡಂ, ನನ್ನ ತಂದೆಯನ್ನು ಬದಲಿಸಿ ಕೊಡಿ" ಎಂದರು. ನಾನು ಪೆನ್ನು ಕೆಳಗಿಟ್ಟೆ. ಸಂಗತಿ ಇಷ್ಟೇ. ನಮ್ಮ ಕಡೆಯ ಅಳಿಯಕಟ್ಟಿನ ಮನೆಗಳಲ್ಲಿ ಯಜಮಾನಿಕೆ ಸೋದರಮಾವನದ್ದು. ಭರ್ತಿಯ ದಿನ ಉತ್ತರ ಭಾರತದ ಗುಮಾಸ್ತ ಮನೆಯ ಹಿರಿಯ ಯಾರೆಂದು ಕೇಳಿದ, ಹುಡುಗ ಭಯಭಕ್ತಿಯಿಂದ ಮಾವನ ಹೆಸರು ಹೇಳಿದ, ಅದು ಸೀದಾ ತಂದೆಯ ಜಾಗಕ್ಕೆ ಹೋಗಿ ಕುಳಿತಿತು. ಇನ್ನೊಮ್ಮೆ ಕಡಬದ ಒಬ್ಬ ಅಜ್ಜಿ, ಗಂಡನ ದಾಖಲೆಯಲ್ಲಿ ಹೆಂಡತಿಯ ಹೆಸರೂ ತಾಯಿಯ ಹೆಸರೂ ಅದಲುಬದಲಾದದ್ದನ್ನು ನಾನು ಓದಿ ಹೇಳಿದಾಗ ಸೆರಗು ಬಾಯಿಗೆ ಒತ್ತಿಕೊಂಡರು. "ಹಾಗಾದ್ರೆ ಇಷ್ಟು ವರ್ಷ ನನ್ನ ಅತ್ತೆ ನನಗೆ ಸವತಿಯಾ?" ಎಂದು ಕೇಳಿದರು. ಇಬ್ಬರೂ ನಕ್ಕೆವು. ಆ ತಿದ್ದುಪಡಿಗೆ ಎರಡು ಮಳೆಗಾಲ ಹಿಡಿಯಿತು.

ಆಗೆಲ್ಲ ಕಾರ್ಬನ್ ಹಾಕಿ ಟೈಪ್ ಮಾಡಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ದೇವರ ಮೇಲೆ ಭಾರ ಹಾಕಿ ಕೂರುವುದು. ಈಗ ಎಲ್ಲ ಕಂಪ್ಯೂಟರಿನಲ್ಲಿ. ನೀವು ಪುಣ್ಯವಂತರು ಎಂದು ತಿಳಿಯಬೇಡಿ. ಎಂಬತ್ತರ ಅಜ್ಜನ ಮೊಬೈಲಿಗೆ ಒಟಿಪಿ ಬರುತ್ತದೆ, ಮೊಬೈಲು ಮೊಮ್ಮಗಳ ಕೈಯಲ್ಲಿರುತ್ತದೆ, ಮೊಮ್ಮಗಳು ಕಾಲೇಜಿನಲ್ಲಿರುತ್ತಾಳೆ. ವಿಧಾನ ಬದಲಾದರೂ ಒಂದು ಮಾತು ಬದಲಾಗಲಿಲ್ಲ. ಸೈನಿಕನ ಬದುಕಿನಲ್ಲಿ ನಡೆದದ್ದನ್ನೆಲ್ಲ, ರಜೆ, ವರ್ಗಾವಣೆ, ಮದುವೆ, ಮಗು, ಗಾಯ, ಪ್ರತಿಯೊಂದನ್ನೂ ಪಾರ್ಟ್ ಟೂ ಆರ್ಡರ್ ಎಂಬ ಆದೇಶದಲ್ಲಿ ಹಾಕುತ್ತಾರೆ. ಅದರಲ್ಲಿ ಬಾರದ್ದು ಸೇನೆಯ ಪಾಲಿಗೆ ನಡೆದೇ ಇಲ್ಲ.

ಚೆನ್ನಪ್ಪನವರು ನನ್ನ ಕೋಣೆಗೆ ಬಂದದ್ದು ನನ್ನ ನಿವೃತ್ತಿ ಹತ್ತಿರವಾದಾಗ. ಅರುವತ್ತರ ಆಸುಪಾಸಿನ ಒಣಕಲು ಮನುಷ್ಯ, ಪುತ್ತೂರಿನ ಒಂದು ಅಡಿಕೆ ಗೋದಾಮಿನಲ್ಲಿ ಕಾವಲಿಗಿದ್ದರು. ಬಲಗಿವಿ ಕೇಳಿಸುತ್ತಿರಲಿಲ್ಲ, ಮಾತಾಡುವಾಗ ಎಡಗಿವಿಯನ್ನು ನಮ್ಮ ಕಡೆ ತಿರುಗಿಸಿ ಗೋಡೆ ನೋಡುತ್ತಿದ್ದರು. ಡಿಸ್ಚಾರ್ಜ್ ಪುಸ್ತಕವನ್ನು ಮೇಜಿನ ಮೇಲಿಟ್ಟು, "ಇದರಲ್ಲಿ ಶ್ರೀಲಂಕಾ ಇಲ್ಲ ಮೇಡಂ" ಎಂದರು.

ನಾನು ತಿರುವಿ ನೋಡಿದೆ. ಲಾರಿ ಚಾಲಕ. ನಮ್ಮ ಸೇನೆ ಶಾಂತಿಪಡೆಯಾಗಿ ಶ್ರೀಲಂಕಾಕ್ಕೆ ಹೋಗಿದ್ದ ಕಾಲದಲ್ಲಿ ಇವರು ಉತ್ತರದ ಒಂದು ಡಿಪೋದಲ್ಲೇ ಇದ್ದರು ಎಂದು ಬರೆದಿತ್ತು. ವಿದೇಶ ಸೇವೆ ಎಂಬಲ್ಲಿ ಖಾಲಿ. ಪದಕ ಎಂಬಲ್ಲಿ ಎಲ್ಲರಿಗೂ ಸಿಗುವ ಒಂದೆರಡು ಬಿಟ್ಟರೆ ಅದೂ ಖಾಲಿ.

"ನೀವು ಡಿಪೋದಲ್ಲಿ ಇದ್ರಿ ಅಂತ ಉಂಟಲ್ಲ?"

"ಬರೆದದ್ದು ಹಾಗೆ. ನಾನಿದ್ದದ್ದು ಜಾಫ್ನಾದಲ್ಲಿ. ಡ್ರೈವರ್ ಸಾಲುದಿಲ್ಲ ಅಂತ ನಮ್ಮನ್ನು ಕೆಲವರನ್ನು ಬೇರೆ ಕಂಪೆನಿಗೆ ಕೊಟ್ಟು ಹಡಗು ಹತ್ತಿಸಿದ್ರು. ಆರ್ಡರ್ ಹಿಂದಿನಿಂದ ಬರ್ತದೆ ಅಂದ್ರು. ಬರ್ಲೇ ಇಲ್ಲ."

ಇಂಥದ್ದು ನಾನು ಕಂಡಿದ್ದೆ. ಇಂಥವರು ಸಾಮಾನ್ಯವಾಗಿ ಪಿಂಚಣಿ ಹೆಚ್ಚಿಸಲಿಕ್ಕೆ ಬರುತ್ತಾರೆ. ಕಿವಿಯ ಗಾಯಕ್ಕೆ ಅರ್ಜಿ ಹಾಕೋಣ ಎಂದೆ. ಅವರು ಕೈ ಅಡ್ಡ ಆಡಿಸಿದರು.

"ದುಡ್ಡಿಗೆ ಬಂದದ್ದಲ್ಲ. ಹೋಗಿದ್ದ ಅಂತ ಒಂದು ಗೆರೆ ಬರೀಬೇಕು, ಅಷ್ಟೆ. ಮೆಡಲ್ ಕೊಟ್ರೆ ಕೊಡ್ಲಿ."

"ಇಷ್ಟು ವರ್ಷ ಸುಮ್ಮನಿದ್ದು ಈಗ ಎಂತ ಅವಸರ?" ನನ್ನ ನಾಲಗೆ ಸ್ವಲ್ಪ ಚುರುಕು. ಕೇಳಿಯೇಬಿಟ್ಟೆ.

ಅವರು ಗೋಡೆ ನೋಡುತ್ತಲೇ ಹೇಳಿದರು. ಅಲ್ಲಿ ದಾರಿಯಲ್ಲಿ ಹುಗಿದಿಟ್ಟ ಬಾಂಬಿನ ಮೇಲೆ ಇವರ ಲಾರಿ ಹೋಯಿತು. ಬೇರೆ ಯಾವುದೋ ಪಲ್ಟಣದ ಗಾಯಾಳುಗಳ ಜೊತೆ ಇವರನ್ನೂ ಹೆಲಿಕಾಪ್ಟರಿಗೆ ಹಾಕಿ ಮದ್ರಾಸಿನ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ತಿಂಗಳುಗಟ್ಟಲೆ ಪ್ರಜ್ಞೆ ಬಂದೂ ಬಾರದ ಹಾಗೆ ಮಲಗಿದ್ದರು. ಎದ್ದ ಮೇಲೆ ರಜೆ ಸಿಕ್ಕಿತು. ತಲೆಗೆ ಮಫ್ಲರು ಸುತ್ತಿ, ಗಡ್ಡ ಬಿಟ್ಟು, ಕಡಬದಲ್ಲಿ ಇಳಿದು ತಮ್ಮ ಊರಿನ ಜೀಪು ಹತ್ತಿದರು. ಯಾರಿಗೂ ಗುರುತು ಸಿಗಲಿಲ್ಲ. ಹಿಂದಿನ ಸೀಟಿನಲ್ಲಿ ಹೆಂಗಸರು ಬೊಜ್ಜದ ಊಟದ ಬಗ್ಗೆ ಮಾತಾಡುತ್ತಿದ್ದರು. ಬೊಜ್ಜವೆಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ. 'ಮಿಲಿಟರಿಯ ಮಗ ಲಂಕೆಯಲ್ಲಿ ಸತ್ತ ಅಂತ ಕೇಳಿದ ದಿನದಿಂದ ಆ ಹೆಂಗಸು ಗಂಜಿ ಮುಟ್ಟಲಿಲ್ಲ, ಪಾಪ' ಎಂದಳೊಬ್ಬಳು. ಆ ಹೆಂಗಸು ಚೆನ್ನಪ್ಪನವರ ತಾಯಿ, ಬೊಜ್ಜವೂ ಅವರದ್ದೇ.

"ನಾನು ಅರ್ಧ ದಾರಿಯಲ್ಲಿ ಜೀಪು ನಿಲ್ಲಿಸಿ ಇಳಿದೆ ಮೇಡಂ. ಬದುಕಿದ್ದೇನೆ ಅಂತ ಯಾವ ಮುಖ ಹೊತ್ತು ಆ ಅಂಗಳ ಹತ್ತುದು? ಹಾಗೇ ತಿರುಗಿ ಹೋದೆ. ಸರ್ವಿಸ್ ಮುಗಿಸಿದೆ, ಅಲ್ಲಿ ಇಲ್ಲಿ ಕಾವಲು ಕೂತೆ. ಈಗ ವಯಸ್ಸಾಯ್ತು. ನಾನು ಸತ್ತರೆ ಈ ಪುಸ್ತಕ ಹೇಳಿದ್ದೇ ಸತ್ಯ ಆಗ್ತದೆ. ಚೆನ್ನಪ್ಪ ಕಡಲು ದಾಟಲೇ ಇಲ್ಲ. ಹಾಗಾದ್ರೆ ನನ್ನ ಅಮ್ಮ ಸತ್ತದ್ದು ಯಾಕೆ?"

ನನ್ನ ಮುಖ ಆಗ ಹೇಗಿತ್ತೋ ಗೊತ್ತಿಲ್ಲ. ಅವರು ನೋಡಲಿಲ್ಲ, ಅಷ್ಟು ಪುಣ್ಯ. ಚಹಾ ತರಿಸಿ ಕೊಟ್ಟೆ. ಈ ಕೇಸು ಮುಗಿಸದೆ ನಾನು ನಿವೃತ್ತಿಯಾಗುವುದಿಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

ತಿದ್ದುಪಡಿಗೆ ಜೊತೆಯಲ್ಲಿದ್ದವರ ಪ್ರಮಾಣಪತ್ರ ಬೇಕು. ಯಾರಿದ್ದರು ಎಂದು ಕೇಳಿದ್ದಕ್ಕೆ, "ಎಲ್ಲ ಉತ್ತರದವರು. ನಮ್ಮ ಕಡೆಯವ ಒಬ್ಬನೇ, ಈಶ್ವರಮಂಗಲದ ಅಬೂಬಕ್ಕರ್. ಅವನೂ ಗಲ್ಫಿಗೆ ಹೋಗಿರ್ಬೇಕು" ಎಂದಿದ್ದರು. ಅಬೂಬಕ್ಕರ್ ಗಲ್ಫಿಗೆ ಹೋಗಿರಲಿಲ್ಲ. ಈಶ್ವರಮಂಗಲ ಪೇಟೆಯಲ್ಲಿ ತೋಟದ ಪೈಪು, ಸ್ಪ್ರಿಂಕ್ಲರ್ ಮಾರುವ ಅಂಗಡಿ ಇಟ್ಟಿದ್ದರು. ನಮ್ಮ ಪಟ್ಟಿಯಲ್ಲಿ ಅವರ ಹೆಸರು ಮೊದಲಿನಿಂದ ಇತ್ತು. ಫೋನಿನಲ್ಲಿ ಕೇಳುವ ವಿಷಯವಲ್ಲವೆಂದು ನಾನೇ ಬಸ್ಸು ಹತ್ತಿದೆ. ಹೊಸಬರು ಇದನ್ನು ನೆನಪಿಡಿ. ಸಾಕ್ಷಿಯನ್ನು ಅವರ ಜಾಗದಲ್ಲೇ ಹೋಗಿ ಕಾಣಬೇಕು.

ಅಬೂಬಕ್ಕರ್ ದೊಡ್ಡ ದೇಹದ, ನಗುಮುಖದ ಮನುಷ್ಯ. ನನಗೆ ಸ್ಟೂಲು ಹಾಕಿ ಜ್ಯೂಸ್ ತರಿಸಿದರು. ಶ್ರೀಲಂಕಾದಲ್ಲಿ ನಿಮ್ಮ ಜೊತೆ ಚೆನ್ನಪ್ಪ ಎಂಬವರಿದ್ದರಾ ಎಂದು ಕೇಳಿದೆ. ನಗು ಇಳಿಯಿತು.

"ಕಡಬದ ಚೆನ್ನಪ್ಪ. ಇದ್ದ ಅಕ್ಕ. ನನ್ನ ಕಣ್ಣೆದುರೇ ಹೋದ. ಮುಂದಿನ ಗಾಡಿ ಅವನದ್ದು, ಹಿಂದಿನದ್ದು ನನ್ನದು. ಗಾಡಿ ಇತ್ತು ಅಂತ ಹೇಳ್ಲಿಕ್ಕೆ ಒಂದು ಟಯರೂ ಸರಿಯಾಗಿ ಉಳೀಲಿಲ್ಲ. ಅವನ ಅಮ್ಮನಿಗೆ ಹೇಳಿದ್ದೂ ನಾನೇ, ರಜೆಯಲ್ಲಿ ಬಂದಾಗ. ಬೇರೆಯವರ ಬಾಯಿಂದ ಕೇಳುದು ಬೇಡ ಅಂತ ಹೋದೆ. ಆಮೇಲೂ ಆ ಮನೆಗೆ ಹೋಗಿ ಬಂದು ಉಂಟು. ಹೋದ ಆಟಿಯಲ್ಲಿ ಮದುವೆಗೂ ಹೋಗಿದ್ದೆ."

"ಯಾರ ಮದುವೆ?"

"ಚೆನ್ನಪ್ಪನದ್ದೇ."

ಜ್ಯೂಸ್ ನನ್ನ ಮೂಗಿಗೆ ಹತ್ತಿತು. ಹೊರಗಿನವರಿಗೆ ಈ ಮಾತು ಹುಚ್ಚಿನಂತೆ ಕೇಳಬಹುದು. ತುಳುನಾಡಿನಲ್ಲಿ ಹುಟ್ಟಿದ ನನಗೆ ಕ್ಷಣದಲ್ಲಿ ಅರ್ಥವಾಯಿತು. ಮದುವೆಯಾಗದೆ ಸತ್ತವರಿಗೆ ನಮ್ಮಲ್ಲಿ ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ ಮದುವೆ ಮಾಡುತ್ತಾರೆ. ಕುಲೆ ಮದುವೆ ಎನ್ನುತ್ತೇವೆ, ಕುಲೆಯೆಂದರೆ ತೀರಿಹೋದವರು. ಅದಕ್ಕೂ ಹೆಣ್ಣು ನೋಡುವುದು, ಜಾತಕ, ನಿಶ್ಚಯ ಎಲ್ಲ ಉಂಟು. ಹೆಣ್ಣೂ ಸತ್ತಿರಬೇಕು, ಅಷ್ಟೇ. ಚೆನ್ನಪ್ಪನವರ ಅಕ್ಕ ಲೀಲಾವತಿಯ ಮಗಳಿಗೆ ಎಷ್ಟು ಸಂಬಂಧ ಬಂದರೂ ಕೂಡಿಬರುತ್ತಿರಲಿಲ್ಲವಂತೆ. ಜೋಯಿಸರಲ್ಲಿ ಪ್ರಶ್ನೆ ಕೇಳಿದಾಗ, ಮನೆಯಲ್ಲಿ ಮದುವೆಯಿಲ್ಲದೆ ಹೋದ ಜೀವ ತಡೆಯುತ್ತಿದೆ ಎಂದು ಕಂಡಿತಂತೆ. ಸುಳ್ಯ ಕಡೆಯಲ್ಲಿ ಬಹಳ ಹಿಂದೆ ಜ್ವರದಲ್ಲಿ ತೀರಿಹೋಗಿದ್ದ ಸುನಂದಾ ಎಂಬ ಹುಡುಗಿಯನ್ನು ಹುಡುಕಿ, ಎರಡು ಮಣೆ ಹಾಕಿ, ಒಂದರಲ್ಲಿ ಪಂಚೆ, ಶರ್ಟು, ಇನ್ನೊಂದರಲ್ಲಿ ಸೀರೆ, ಬಳೆ, ಕರಿಮಣಿ ಇಟ್ಟು ಧಾರೆ ಎರೆದಿದ್ದರು.

"ಶರ್ಟಿನ ಮೇಲೆ ಇಡ್ಲಿಕ್ಕೆ ನನ್ನ ಮಿಲಿಟರಿ ಟೊಪ್ಪಿ ಕೊಟ್ಟೆ ಅಕ್ಕ. ಮದುಮಗ ಸೈನಿಕ ಅಲ್ವಾ" ಎಂದರು ಅಬೂಬಕ್ಕರ್, ಕಣ್ಣೊರೆಸಿಕೊಳ್ಳುತ್ತ.

"ಅಬೂಬಕ್ಕರ್, ನೀವು ಒಮ್ಮೆ ಕೂತ್ಕೊಳ್ಳಿ" ಎಂದೆ. ಅವರು ಕೂರಲಿಲ್ಲ. "ಚೆನ್ನಪ್ಪ ಪುತ್ತೂರಿನಲ್ಲಿ ಇದ್ದಾರೆ. ಮೊನ್ನೆ ನನ್ನ ಮೇಜಿನ ಎದುರು ಚಹಾ ಕುಡಿದ್ರು."

ಅವರು ಪೈಪಿನ ಸುರುಳಿಯ ಮೇಲೆ ಕುಸಿದರು. ತಮ್ಮ ಬ್ಯಾರಿ ಭಾಷೆಯಲ್ಲಿ ಏನೇನೋ ಹೇಳಿಕೊಂಡರು. ಆಮೇಲೆ ನನ್ನನ್ನು ನೋಡಿ, "ನಾನು ಆ ತಾಯಿಗೆ ಎಂತ ಹೇಳಿಬಿಟ್ಟೆ ಅಕ್ಕ" ಎಂದರು. ನೋಡಿದ್ದನ್ನು ಹೇಳಿದ್ದೀರಿ ಎಂದೆ.  ಚೆನ್ನಪ್ಪ ಲಂಕೆಯಲ್ಲಿದ್ದಾನೆ ಎಂದು ಸೇನೆಯ ಕಡತದಲ್ಲಿ ಇಲ್ಲದ್ದರಿಂದ, ಅವನಿಗೆ ಗಾಯವಾಯಿತು, ಜೀವ ಉಂಟು ಎಂದು ಮನೆಗೆ ಒಂದು ತಂತಿಯೂ ಬರಲಿಲ್ಲ. ಆ ಮನೆಗೆ ಗೊತ್ತಿದ್ದದ್ದು ಅಬೂಬಕ್ಕರ್ ಹೇಳಿದ್ದು ಮಾತ್ರ.

ಇಬ್ಬರೂ ನನ್ನ ಕೋಣೆಯಲ್ಲೇ ಭೇಟಿಯಾದರು. ಅಬೂಬಕ್ಕರ್ ಬಾಗಿಲಲ್ಲಿ ನಿಂತುಬಿಟ್ಟರು. ಚೆನ್ನಪ್ಪನವರು ಎಡಗಿವಿ ತಿರುಗಿಸದೆ, ಮೊದಲ ಬಾರಿಗೆ ನೆಟ್ಟ ಮುಖದಿಂದ ನೋಡಿ, "ದಪ್ಪ ಆಗಿದ್ದಿ ಮಾರಾಯ" ಎಂದರು. ಅಬೂಬಕ್ಕರ್ ಹೋಗಿ ಅವರ ಎರಡೂ ತೋಳನ್ನು ಹಿಸುಕಿ ಹಿಸುಕಿ ನೋಡಿದರು. ಮನುಷ್ಯ ನಿಜವೋ ಅಲ್ಲವೋ ಎಂದು ಪರೀಕ್ಷೆ ಮಾಡಿದ ಹಾಗಿತ್ತು.

ಮದುವೆಯ ವಿಷಯ ಹೇಳುವ ಕೆಲಸ ನನ್ನ ತಲೆಗೆ ಬಂತು. ಅಬೂಬಕ್ಕರ್ ನನಗೆ ಆಗುದಿಲ್ಲ ಎಂದು ಕಿಟಕಿಯ ಹತ್ತಿರ ಹೋಗಿ ನಿಂತರು. ನಾನು ಎಡಗಿವಿಯ ಹತ್ತಿರ ಬಾಗಿ, ನಿಮ್ಮ ಅಕ್ಕ ಹೋದ ಆಟಿಯಲ್ಲಿ ನಿಮಗೆ ಕುಲೆ ಮದುವೆ ಮಾಡಿಸಿದ್ದಾರೆ ಎಂದೆ. ಅವರಿಗೆ ಕೇಳಿಸಲಿಲ್ಲವೆಂದು ಮತ್ತೊಮ್ಮೆ ಹೇಳಿದೆ. ಕೇಳಿಸಿತ್ತು.  ಸಿಟ್ಟು ಬರಬಹುದು, ಅಳಬಹುದು, ನಗಲೂಬಹುದು ಎಂದು ಎಲ್ಲಕ್ಕೂ ತಯಾರಾಗಿ ನಿಂತಿದ್ದೆ.

"ಹುಡುಗಿಯ ಹೆಸರೆಂತ?" ಎಂದು ಕೇಳಿದರು.

"ಸುನಂದಾ ಅಂತೆ."

ಅವರು ಅದನ್ನು ಒಮ್ಮೆ ಮೆಲ್ಲಗೆ ಹೇಳಿ ನೋಡಿಕೊಂಡರು. 

ಲೀಲಾವತಿಯವರ ಮನೆಗೆ ನಾನೂ ಅಬೂಬಕ್ಕರೂ ಹೋದೆವು. ಚೆನ್ನಪ್ಪನವರು ಬರಲು ಒಪ್ಪಲಿಲ್ಲ. ಗಂಡ ತೀರಿಹೋದ ಮೇಲೆ ಲೀಲಾವತಿ ತವರಿಗೇ ಬಂದು ನೆಲೆಸಿದ್ದರು. ಗಟ್ಟಿ ಹೆಂಗಸು, ರಬ್ಬರ್ ಮರದ ಟ್ಯಾಪಿಂಗ್ ಮುಗಿಸಿ ಬಂದು ಅಂಗಳದಲ್ಲಿ ರಬ್ಬರ್ ಶೀಟು ಹರಡುತ್ತಿದ್ದರು. ನಿಮ್ಮ ತಮ್ಮ ಬದುಕಿದ್ದಾರೆ ಎಂಬುದನ್ನು ಹೇಗೆ ಹೇಳಬೇಕೆಂದು ಬಸ್ಸಿನ ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ಒಂದೂ ಪ್ರಯೋಜನಕ್ಕೆ ಬರಲಿಲ್ಲ. ನೇರವಾಗಿ ಹೇಳಿಬಿಟ್ಟೆ.

ಅವರು ಓಡಿ ಬರುತ್ತಾರೆ, ತಮ್ಮನೆಲ್ಲಿ ಎಂದು ಕೇಳುತ್ತಾರೆ ಎಂದು ಎಣಿಸಿದ್ದೆ. ಅವರು ಶೀಟನ್ನು ಕೈಯಲ್ಲೇ ಹಿಡಿದು ಹಿಂದೆ ಹಿಂದೆ ಹೋದರು.

"ಇಲ್ಲ. ನನ್ನ ತಮ್ಮ ಸತ್ತಿದ್ದಾನೆ. ವರ್ಷ ವರ್ಷ ಅಮ್ಮನ ಎಲೆಯ ಹತ್ತಿರ ಅವನಿಗೂ ಎಲೆ ಹಾಕಿ ಬಡಿಸಿದ್ದೇನೆ. ಮದುವೆ ಮಾಡಿಸಿದ್ದೇನೆ. ಅದಾದ ಮೇಲೆ ನನ್ನ ಮಗಳಿಗೆ ಗಂಡು ಸಿಕ್ಕಿತು, ಈಗ ಅವಳು ಬಸುರಿ. ಅವ ಬದುಕಿದ್ದಾನೆ ಅಂದ್ರೆ ಆ ಮಣೆಯಲ್ಲಿ ಕೂತದ್ದು ಯಾರು?"

ಇಂಥ ಪ್ರಶ್ನೆ ನಮ್ಮ ಯಾವ ಫಾರಮಿನಲ್ಲೂ ಇಲ್ಲ, ಯಾವ ಕೈಪಿಡಿಯಲ್ಲೂ ಇಲ್ಲ. ಅಬೂಬಕ್ಕರ್ ಲಂಕೆಯ ಕಥೆ, ಆಸ್ಪತ್ರೆಯ ಕಥೆ, ಜೀಪಿನ ಕಥೆ ಎಲ್ಲ ಹೇಳಿದರು. ಲೀಲಾವತಿ ಎಲ್ಲವನ್ನೂ ಕೇಳಿಸಿಕೊಂಡರು. ಸೇನೆಯವರ ಬಳಿ ಅದಕ್ಕೆಲ್ಲ ದಾಖಲೆ ಇದೆಯಾ ಎಂದು ನನ್ನನ್ನು ಕೇಳಿದರು. ಸುಳ್ಳು ಹೇಳುವ ಹಾಗಿರಲಿಲ್ಲ. ಸದ್ಯಕ್ಕೆ ಇಲ್ಲ, ಡಿಪೋದಲ್ಲೇ ಇದ್ದರು ಎಂದು ಬರೆದಿದ್ದಾರೆ ಎಂದೆ. ಅವರ ಮುಖ ಕಲ್ಲಾಯಿತು.

"ಹಾಗಾದ್ರೆ ಅವ ಎಲ್ಲಿಗೂ ಹೋಗ್ಲಿಲ್ಲ. ಇವರು ಕಂಡದ್ದನ್ನು ಒಮ್ಮೆ ನಂಬಿ ಸಾಕಾಗಿದೆ. ಎಲ್ಲೋ ಸುಖವಾಗಿ ಕೂತಿದ್ದ, ಇಲ್ಲಿ ಅಮ್ಮ ಗಂಜಿ ಬಿಟ್ಟು ಸತ್ತರು. ಅಂಥವ ನನಗೆ ಬೇಡ. ಹೋಗಿದ್ದ ಅಂತ ಬರೆಸಿ ತನ್ನಿ, ಆಮೇಲೆ ನೋಡುವ."

ಬಸ್ಸಿನಲ್ಲಿ ಹಿಂತಿರುಗುವಾಗ ನನಗೆ ಒಂದು ವಿಷಯ ಹೊಳೆಯಿತು. ಅಕ್ಕನೂ ತಮ್ಮನೂ ಇಷ್ಟು ವರ್ಷ ದೂರವಿದ್ದು, ಅಮ್ಮ ಸತ್ತದ್ದು ಯಾಕೆ ಎಂಬ ಒಂದೇ ಪ್ರಶ್ನೆ ಹಿಡಿದು ಕುಳಿತಿದ್ದರು. ಆ ಒಂದು ಗೆರೆ ಬಾರದೆ ಚೆನ್ನಪ್ಪನವರಿಗೆ ಮನೆಯಿಲ್ಲ ಎಂಬುದು ನನಗೆ ಖಚಿತವಾಯಿತು.

ನನ್ನ ಕೊನೆಯ ಸಾಹೇಬರು ವಿಜಯಪುರ ಕಡೆಯ ನಿವೃತ್ತ ಕರ್ನಲ್. ಗುಡುಗುವ ಗಂಟಲು. ಜಿಲ್ಲಾ ಕಚೇರಿಯಲ್ಲಿ ಕುಳಿತು ಫೋನಿಲ್ಲದೆ ಮಾತಾಡಿದರೂ ಪುತ್ತೂರಿಗೆ ಕೇಳಬಹುದು ಎಂದು ನಾವು ನಗಾಡುತ್ತಿದ್ದೆವು. ಕಡತ ತೆಗೆದುಕೊಂಡು ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅಬೂಬಕ್ಕರರ ಪ್ರಮಾಣಪತ್ರದಲ್ಲಿ, ಸತ್ತರೆಂದು ನಂಬಿ ತಾನು ಯಾರ ಕುಲೆ ಮದುವೆಗೂ ಹೋಗಿದ್ದೆನೋ ಆ ವ್ಯಕ್ತಿ ಇವರೇ ಎಂಬ ವಾಕ್ಯ ಬೇರೆ ಇತ್ತು. ತೆಗೆಯಿರಿ ಎಂದರೆ, "ನೋಟರಿಯ ಎದುರು ಅರ್ಧ ಸತ್ಯ ಹೇಳುದು ಹೇಗೆ ಅಕ್ಕ?" ಎಂದು ಹಟ ಹಿಡಿದಿದ್ದರು.

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನ್ರಿ ಮೀನಾಕ್ಷಿ ಇದು? ನಿಮ್ಮ ಕಡೆ ಸತ್ತವರಿಗೆ ಮದುವಿ ಮಾಡ್ತಾರ? ಮತ್ತ ಇಂವಾ ಸತ್ತಿಲ್ಲ?"

"ಹೌದು ಸರ್."

"ಮದುವಿಗೂ ಪಾರ್ಟ್ ಟೂ ಆರ್ಡರ್ ಹಾಕಬೇಕೇನ್ರಿ ಮತ್ತ?"

ನನಗೆ ಸಿಟ್ಟು ಬಂತು. ಆ ಮನುಷ್ಯನ ಅಮ್ಮ ಸತ್ತಿದ್ದಾರೆ ಸರ್ ಎಂದೆ, ಸ್ವಲ್ಪ ಜೋರಾಗಿಯೇ. ಸಾಹೇಬರು ನನ್ನನ್ನು ನೋಡಿದರು. ಆಮೇಲೆ ಕಡತ ಎಳೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು, ನನ್ನನ್ನು ನಿಲ್ಲಿಸಿಕೊಂಡೇ. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎಂಬ ಮಾತು ಮೇಲಧಿಕಾರಿಗಳ ವಿಷಯದಲ್ಲಿ ನಾನು ಧಾರಾಳ ಬಳಸಿದ್ದೇನೆ. ಈ ಪೂಜಾರಿ ಅಂಥವರಲ್ಲ. "ಒಬ್ಬನ ಸಾಕ್ಷಿ ಸಾಲಂಗಿಲ್ಲ. ಆ ಕಂಪೆನಿಗೆ ಆಫೀಸರ್ ಯಾರಿದ್ರು ಹುಡುಕ್ತೀನಿ. ನೀವು ದವಾಖಾನಿ ಕಾಗದ ಹುಡುಕ್ರಿ" ಎಂದರು.

ಮೊದಲ ಸಲ ಅರ್ಜಿ ಹಾಗೆಯೇ ವಾಪಸು ಬಂತು, ಸದರಿ ಅವಧಿಯಲ್ಲಿ ಅರ್ಜಿದಾರರು ಡಿಪೋದಲ್ಲಿದ್ದರು ಎಂಬ ಷರಾದೊಂದಿಗೆ. ಡಿಪೋದಲ್ಲಿದ್ದರು ಎಂಬುದೇ ತಪ್ಪು ಎಂದು ಅರ್ಜಿ ಹಾಕಿದರೆ, ಡಿಪೋದಲ್ಲಿದ್ದರಲ್ಲ ಎಂಬ ಉತ್ತರ! ನಾನು ಕಂಪ್ಯೂಟರಿನ ಎದುರು ಕುಳಿತು ತುಳುವಿನಲ್ಲಿ ಬೈದೆ. ಅದನ್ನು ಇಲ್ಲಿ ಬರೆಯುವಂತಿಲ್ಲ. ಸಾಹೇಬರು ಅಷ್ಟರಲ್ಲಿ ಆ ಕಂಪೆನಿಯಲ್ಲಿದ್ದ ಅಧಿಕಾರಿಯೊಬ್ಬರನ್ನು ಪಂಜಾಬಿನಲ್ಲಿ ಪತ್ತೆ ಮಾಡಿ ಫೋನಿನಲ್ಲಿ ಗುಡುಗಿದ್ದರು. ಆ ಕಡೆಯ ಮುದುಕರಿಗೆ ಚೆನ್ನಪ್ಪನ ಹೆಸರು ನೆನಪಿರಲಿಲ್ಲ. ಆದರೆ ಗೇರು ಬದಲಿಸುವಾಗಲೆಲ್ಲ ಯಾರಿಗೂ ತಿಳಿಯದ ಭಾಷೆಯಲ್ಲಿ ಲಾರಿಗೆ ಬುದ್ಧಿ ಹೇಳುತ್ತಿದ್ದ ಇಬ್ಬರು ಚಾಲಕರು ನೆನಪಿದ್ದರು. ಒಬ್ಬ ಸ್ಫೋಟದಲ್ಲಿ ಹೋದ ಎಂದು ಅವರೂ ತಿಳಿದಿದ್ದರು. ಅವರ ಪ್ರಮಾಣಪತ್ರವೂ, ಮದ್ರಾಸಿನ ಆಸ್ಪತ್ರೆಯ ಹಳೆಯ ಕಾಗದವೂ ಸೇರಿ ಎರಡನೆಯ ಅರ್ಜಿ ಹೋಯಿತು.

ಈ ನಡುವೆ ಒಂದು ಬೆಳಿಗ್ಗೆ ಕೋಣೆಗೆ ತುಂಬ ವಯಸ್ಸಾದ ಹೆಂಗಸೊಬ್ಬರು ಬಂದರು. ಕೊಡೆಯನ್ನೇ ಊರುಗೋಲು ಮಾಡಿಕೊಂಡು ಸುಳ್ಯದಿಂದ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. "ನಾನು ಸೀತಮ್ಮ. ಸುನಂದಾನ ಅಮ್ಮ. ನನ್ನ ಅಳಿಯ ಇಲ್ಲಿ ಬರ್ತಾರಂತೆ ಅಲ್ವಾ? ನೋಡ್ಬೇಕಿತ್ತು" ಎಂದರು.

 ಸುದ್ದಿ ಅವರಿಗೆ ಮುಟ್ಟಿದ್ದು ಹೇಗೋ. ಜಗಳಕ್ಕೆ ಬಂದಿದ್ದಾರೆ, ಮಗಳನ್ನು ಬದುಕಿದ್ದವನಿಗೆ ಕಟ್ಟಿ ಮೋಸ ಮಾಡಿದಿರಿ ಎನ್ನುತ್ತಾರೆ ಎಂದು ಹೆದರಿದೆ. ಚೆನ್ನಪ್ಪನವರನ್ನು ಗೋದಾಮಿನಿಂದ ಕರೆಸಿದೆ. ಅವರು ಬಂದು, ಯಾರೆಂದು ತಿಳಿದ ಕೂಡಲೇ ಬಾಗಿ ಆ ಪಾದ ಮುಟ್ಟಿದರು. ಸೀತಮ್ಮ ಅವರ ನೆರೆತ ತಲೆಯನ್ನು ನೋಡುತ್ತ ನಿಂತರು. ತೀರಿಹೋದಾಗ ಸುನಂದಾಳಿಗೆ ಇಪ್ಪತ್ತೂ ತುಂಬಿರಲಿಲ್ಲ.

"ಪ್ರಾಯ ಸ್ವಲ್ಪ ಹೆಚ್ಚಾಯ್ತು" ಎಂದರು ಕೊನೆಗೆ. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಫ್ಯಾನು ನೋಡಿದೆ.

"ಅಮ್ಮ, ಇವರು ಸತ್ತಿಲ್ಲ. ಈ ಸಂಬಂಧ ಬೇಡ ಅಂತಿದ್ರೆ..." ಎಂದು ನಾನು ಬಾಯಿ ಹಾಕಿದೆ.

"ಕೊಟ್ಟ ಹೆಣ್ಣನ್ನು ವಾಪಸು ತಕ್ಕೊಳ್ಳುವ ಕ್ರಮ ನಮ್ಮಲ್ಲಿ ಇಲ್ಲ ಮಗಳೇ" ಎಂದರು ಸೀತಮ್ಮ. "ಅವಳು ನನ್ನ ಕನಸಿನಲ್ಲಿ ಬಂದು ಮೂಲೆಯಲ್ಲಿ ನಿಂತು ಅಳ್ತಿದ್ಳು. ಆ ಮದುವೆಯ ಮೇಲೆ ಬರ್ಲಿಲ್ಲ. ಈಗ ಇವರು ಬೇಡ ಅಂದ್ರೆ ಅವಳು ಎಲ್ಲಿಗೆ ಹೋಗುದು?"

ಚೆನ್ನಪ್ಪನವರು ಬೇಡ ಎನ್ನಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಕೊಡೆ ಹಿಡಿದು ಅವರನ್ನು ಬಿಟ್ಟು ಬಂದರು.

ಆದೇಶ ಬಂದದ್ದು ನನ್ನ ನಿವೃತ್ತಿಗೆ ಸ್ವಲ್ಪ ಮೊದಲು. ಕಂಪ್ಯೂಟರಿನಲ್ಲಿ ತೆರೆದು ಓದಿದಾಗ ನನಗೆ ನಂಬಿಕೆ ಬರಲಿಲ್ಲ, ಮತ್ತೊಮ್ಮೆ ಓದಿದೆ. ವಿದೇಶ ಸೇವೆ: ಶ್ರೀಲಂಕಾ. ಕರ್ತವ್ಯದಲ್ಲಿ ಗಾಯ. ವಿದೇಶ ಸೇವಾ ಪದಕಕ್ಕೂ ಗಾಯದ ಪದಕಕ್ಕೂ ಅರ್ಹರು. ಪದಕಗಳು ಆಮೇಲೆ ಒಂದು ಸಣ್ಣ ಪೆಟ್ಟಿಗೆಯಲ್ಲಿ ಪಾರ್ಸೆಲ್ ಬಂದವು. ಸಾಹೇಬರು ಸಮಾರಂಭ ಮಾಡೋಣ, ಅಂಗಿಗೆ ನಾನೇ ಚುಚ್ಚುತ್ತೇನೆ ಎಂದರು. ಚೆನ್ನಪ್ಪನವರು ಬೇಡವೆಂದು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡರು. ಆದೇಶದ ಪ್ರತಿಯನ್ನು ನಾನೇ ಲೀಲಾವತಿಗೆ ಕಳಿಸಿದೆ, ಕೆಳಗೆ ಕನ್ನಡದಲ್ಲಿ ಅರ್ಥ ಬರೆದು. ಬಹಳ ದಿನ ಉತ್ತರ ಬರಲಿಲ್ಲ. ಆಟಿ ಹಿಡಿದ ಮೇಲೆ ಫೋನು ಬಂತು.

"ಮುಂದಿನ ವಾರ ಕುಲೆಗಳಿಗೆ ಬಡಿಸ್ಲಿಕ್ಕೆ ಉಂಟು ಮೇಡಂ. ಅವನನ್ನು ಕರ್ಕೊಂಡು ಬನ್ನಿ. ಸುಳ್ಯದವರಿಗೂ ಹೇಳಿದ್ದೇನೆ."

ನಾವು ಹೋದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದರು. ತಮ್ಮ ಅಂಗಳದಲ್ಲಿ ನಿಂತರು. ಯಾರೂ ಓಡಿ ಬಂದು ತಬ್ಬಿಕೊಳ್ಳಲಿಲ್ಲ. ಅಕ್ಕ ತಂಬಿಗೆಯಲ್ಲಿ ನೀರು ತಂದು ಕಾಲಿಗೆ ಕೊಟ್ಟರು, ಅರ್ಧ ನೀರು ನೆಲಕ್ಕೆ ಚೆಲ್ಲಿತು. "ಜೀಪಿಂದ ಇಳಿದು ಹೋದಿಯಂತೆ. ಹದಿನೈದು ನಿಮಿಷದ ದಾರಿ ಇತ್ತಲ್ಲ ಮಾರಾಯ" ಎಂದರು.  ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದರು.

ಒಳಕೋಣೆಯಲ್ಲಿ ಬಾಳೆ ಎಲೆಗಳನ್ನು ಹಾಕಿದ್ದರು. ಅಮ್ಮನಿಗೆ ಒಂದು, ಅದರ ಪಕ್ಕದಲ್ಲಿ ಎಂದಿನಂತೆ ಚೆನ್ನಪ್ಪನಿಗೆ ಒಂದು, ಕಳೆದ ವರ್ಷದಿಂದ ಹೊಸದಾಗಿ ಸುನಂದಾಳಿಗೆ ಒಂದು. ಅಭ್ಯಾಸಬಲದಿಂದ ಕೈ ಹಾಗೆ ಹಾಕಿತ್ತು. ಹಾಕಿದ ಮೇಲೆ ಲೀಲಾವತಿಗೆ ತಪ್ಪು ಗೊತ್ತಾಗಿ, ನಡುವಿನ ಎಲೆಯನ್ನು ತೆಗೆಯುವುದೋ ಬಿಡುವುದೋ ತಿಳಿಯದೆ ಕೈ ಮುಂದೆ ಮಾಡಿ ಹಿಂದೆಗೆದರು. ಚೆನ್ನಪ್ಪನವರು ಚೀಲದಿಂದ ಪೆಟ್ಟಿಗೆ ತೆಗೆದು ಎರಡೂ ಪದಕಗಳನ್ನು ಅಮ್ಮನ ಎಲೆಯ ತಲೆಗೆ ಇಟ್ಟರು.

"ಹೋಗಿದ್ದೆ ಅಮ್ಮ. ಬರ್ದಿದ್ದಾರೆ" ಎಂದರು.

ಗರಿಗರಿ ಅಕ್ಕಿ ರೊಟ್ಟಿ, ಕೋಳಿ ಸಾರು ಬಡಿಸಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು ಕ್ರಮ. ತೀರಿಹೋದವರು ಉಣ್ಣುವಾಗ ಬದುಕಿದ್ದವರು ಅಲ್ಲಿರಬಾರದು. ನಾನು ಬಂದೆ, ಅಬೂಬಕ್ಕರ್ ಮೊದಲೇ ಜಗಲಿಯಲ್ಲಿದ್ದರು, ಸೀತಮ್ಮ ಗೋಡೆ ಹಿಡಿದು ಬಂದರು. ಚೆನ್ನಪ್ಪನವರು ಬರಲಿಲ್ಲ. ನಡುವಿನ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು.

"ಹೊರಗೆ ಬಾ, ಬಾಗಿಲು ಹಾಕ್ಲಿಕ್ಕೆ ಉಂಟು" ಎಂದರು ಅಕ್ಕ.

"ನನ್ನ ಎಲೆ ಇಲ್ಲೇ ಉಂಟಲ್ಲ" ಎಂದರು ತಮ್ಮ.

ನಾನು ಸೀತಮ್ಮನನ್ನು ನೋಡಿದೆ. ಸೀತಮ್ಮ ಲೀಲಾವತಿಯನ್ನು ನೋಡಿ ಆಗಲಿ ಎಂಬಂತೆ ತಲೆಯಾಡಿಸಿದರು. ಲೀಲಾವತಿ ಬಾಗಿಲು ಎಳೆದುಕೊಂಡರು. ನಾವು ನಾಲ್ವರು ಹೊರಗೆ ನಿಂತೆವು. ನನ್ನ ಬಾಯಿ ತೆರೆದೇ ಇತ್ತು, ಮುಚ್ಚಬೇಕೆಂದು ನೆನಪಾಗಲಿಲ್ಲ. ಒಳಗಿನಿಂದ ರೊಟ್ಟಿ ಮುರಿಯುವ ಸದ್ದು ಕೇಳಿತು, ಆಮೇಲೆ ನಿಂತಿತು. ಬಾಗಿಲ ಹಿಂದಿನಿಂದ ಚೆನ್ನಪ್ಪನವರ ದನಿ ಬಂತು.

"ಅಕ್ಕಾ, ಇವಳ ಎಲೆಗೆ ಸಾರು ಬೀಳ್ಲಿಲ್ಲ."